ವಾಲ್ವಿಗೆ ಜೋತುಬಿದ್ದ ಒಂದೂವರೆ ಕಿಲೋ ಬೆಲ್ಲ

ಟೈರಿನ ಗಾಳಿ ಎಷ್ಟಿದೆ ಅಂತ ಕೂತಲ್ಲೇ ತೋರಿಸುವ ಸೆನ್ಸಾರಿಗೆ ಸಾವಿರಗಟ್ಟಲೆ ಸುರಿಯುವವರು, ಅದು ಕೂರಬೇಕಾದ ವಾಲ್ವಿನ ಮಾತು ಬಂದರೆ ಮಂಡ್ಯದ ಪಂಕ್ಚರ್ ಅಂಗಡಿ ಮುಂದೆ ನಿಂತು ಹೇಳುವುದು ಒಂದೇ: "ಇರೋದೇ ಇರ್ಲಿ ಬುಡಣ್ಣ, ಗಾಳಿ ನಿಂತದಲ್ಲ." ನಿಂತದೆ, ಎಕ್ಸ್‌ಪ್ರೆಸ್ ಹೈವೇ ಹತ್ತುವವರೆಗೆ.

ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಗಿಸಿ ಕೂರಿಸುವ ಸೆನ್ಸಾರ್ ಸುಮಾರು 10 ಗ್ರಾಂ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ತಿರುಗುವಾಗ ಅದೇ ಹತ್ತು ಗ್ರಾಂ ವಾಲ್ವನ್ನು ಹೊರಕ್ಕೆ ಜಗ್ಗುವುದು ಹತ್ತಿರಹತ್ತಿರ ಒಂದೂವರೆ ಕಿಲೋ ತೂಕದಷ್ಟು. ವಾಲ್ವಿನ ರಬ್ಬರ್ ಕೊರಳಿಗೆ ಒಂದೂವರೆ ಕಿಲೋ ಅಚ್ಚುಬೆಲ್ಲ ಕಟ್ಟಿಕೊಂಡು ಮದ್ದೂರು ದಾಟಿದ ಹಾಗೆ. ಬಿಸಿಲಿಗೆ ಒಣಗಿದ, ಟಿಆರ್ 413 ಅನ್ನುವ ಮಾಮೂಲಿ ರಬ್ಬರ್ ವಾಲ್ವ್ ಬುಡದಲ್ಲಿ ಬಿರುಕು ಬಿಡುತ್ತದೆ. ಬಗ್ಗಿಸಿದರೆ ಮಾತ್ರ ಕಾಣುತ್ತದೆ. ನೆಟ್ಟಗೆ ನಿಂತಾಗ ಪರಮ ಸಂಭಾವಿತ. ಸಾಲದ್ದಕ್ಕೆ ಈ ಸೆನ್ಸಾರ್ ವಾಲ್ವಿನ ಪಿನ್ನನ್ನು ಸದಾ ಒತ್ತಿಹಿಡಿದಿರುತ್ತದೆ. ಅದರ ವಾಷರ್ ಸವೆದರೆ ಕಾವಲುಗಾರನೇ ಗಾಳಿ ಕದ್ದು, ತಾನೇ ಬೊಬ್ಬೆ ಹೊಡೆಯುತ್ತಾನೆ. ಇಂಥದ್ದಕ್ಕೆ ನಟ್ ಹಾಕಿ ಬಿಗಿಯುವ ಮೋಟು ಲೋಹದ ವಾಲ್ವೇ ಸರಿ. ಕೂರಿಸಿದ ಮೇಲೆ ಸೋಪು ನೀರು ಸವರಿ ಗುಳ್ಳೆ ನೋಡಿ.

ಟೈರಿನೊಳಗೆ ಕೂರುವ ಸೆನ್ಸಾರ್ ಬೇರೆ ಜಾತಿ. ಮಾಮೂಲಿ ರಬ್ಬರ್ ವಾಲ್ವಿನ ಬುಡದಲ್ಲಿ ಅದರ ಸ್ಕ್ರೂ ಹಿಡಿಯುವ ಜಾಗವೇ ಇರುವುದಿಲ್ಲ. ಆ ಸೆನ್ಸಾರಿಗೆಂದೇ ಮಾಡಿದ್ದನ್ನು ತರಬೇಕು. ಅಲ್ಯೂಮಿನಿಯಂ ವಾಲ್ವಾದರೆ ನಟ್ಟಿಗೆ ಸಾಮಾನ್ಯವಾಗಿ 4ರಿಂದ 8 ನ್ಯೂಟನ್ ಮೀಟರ್ ಬಿಗಿ ಸಾಕು, ಕಬ್ಬಿನ ಲಾರಿಗೆ ಹಗ್ಗ ಜಗ್ಗಿದಂತೆ ಜಗ್ಗಬಾರದು. ಟೈರ್ ಬಿಚ್ಚಿದಾಗೆಲ್ಲ ರಬ್ಬರ್ ವಾಷರ್ ಹೊಸದು. ಒಳಗಿನ ಪಿನ್ ನಿಕ್ಕಲ್ ಲೇಪದ್ದೇ ಇರಲಿ. ಬರೀ ಹಿತ್ತಾಳೆಯದು ಅಲ್ಯೂಮಿನಿಯಂ ಜೊತೆ ಮಳೆನೀರು ಕುಡಿದು ಕಚ್ಚಿಕೊಂಡರೆ ಜಪ್ಪಯ್ಯ ಅಂದರೂ ಬಿಡದು. ಫಳಫಳಿಸುವ ಲೋಹದ ಮುಚ್ಚಳದ್ದೂ ಅದೇ ಕಥೆ. ಕಟಿಂಗ್ ಪ್ಲೇಯರ್ ಹಿಡಿದು ತಿರುಗಿಸಿದರೆ ಮುಚ್ಚಳ ಬರುತ್ತದೆ, ವಾಲ್ವಿನ ಮೇಲರ್ಧದ ಸಮೇತ. ಪ್ಲಾಸ್ಟಿಕ್ ಮುಚ್ಚಳಕ್ಕೆ ಇಷ್ಟು ಬಿಂಕವಿಲ್ಲ.

ಪಂಕ್ಚರ್ ಆದಾಗ "ಅಣ್ಣೋ, ಒಳ್ಗೆ ಸೆನ್ಸಾರ್ ಅದೆ, ವಾಲ್ವ್ ಹತ್ರ ರಾಡ್ ಹಾಕ್ಬೇಡ" ಅನ್ನುವುದು ಟೈರ್ ಬಿಚ್ಚುವ ಮೊದಲು ಹೇಳಬೇಕಾದ ಮಾತು. ತಡವಾದರೆ ಆತನೇ ಎರಡು ಚೂರು ಅಂಗೈಯಲ್ಲಿಟ್ಟು ಕೇಳುತ್ತಾನೆ: "ಇದೇನೋ ಡಬ್ಬಿ ಸಿಕ್ತು ಕಣಣ್ಣ, ಬಿಸಾಕ್ಲಾ?"