ನಾಟ್ ಅಂದರೆ ಹಗ್ಗದ ಗಂಟು

ಲೇಖನದಲ್ಲಿ ‘ಹಡಗು ಗಂಟೆಗೆ 12 ನಾಟ್ ವೇಗದಲ್ಲಿ ಸಾಗುತ್ತಿತ್ತು’ ಅಂತ ಬರೆದಿದ್ದೀರಿ. ಅಲ್ಲಿ ‘ಗಂಟೆಗೆ’ ಬೇಡ. ಒಂದು ನಾಟ್ ಅಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್.

ಈ ಹೆಸರು ಸುಮ್ನೆ ಬಂದದ್ದಲ್ಲ. ಹಾಯಿಹಡಗಿನ ಕಾಲದಲ್ಲಿ ಕಾಲು ವೃತ್ತದ ಆಕಾರದ ಮರದ ಹಲಗೆಯೊಂದನ್ನು ಹಗ್ಗ ಕಟ್ಟಿ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಅದರ ಬಾಗಿದ ಅಂಚಿಗೆ ಸೀಸದ ಭಾರ. ಹಾಗಾಗಿ ಹಲಗೆ ನೆಟ್ಟಗೆ ನಿಂತು, ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತಿತ್ತು. ಹಡಗು ಮುಂದೆ ಹೋದ ಹಾಗೆ ರಾಟೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಸುಮಾರು 14.4 ಮೀಟರಿಗೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈ ದಾಟಿದವೋ ಅಷ್ಟು ನಾಟ್! ಗುಣಾಕಾರ, ಭಾಗಾಕಾರದ ಗೋಜೇ ಇಲ್ಲ. ಜಾಣತನ ಅಲ್ವಾ? ಹಗ್ಗ ನೆನೆದು ಕುಗ್ಗಿದರೆ ಮಾತ್ರ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ ಆಗಾಗ ಅಳೆದು ನೋಡಬೇಕಿತ್ತು.

ಅಂದಹಾಗೆ, ಆ ಹಲಗೆಯ ಹೆಸರು ಲಾಗ್. ಅದರ ಲೆಕ್ಕ ಬರೆದಿಡುವ ಪುಸ್ತಕವೇ ಲಾಗ್‌ಬುಕ್ ಆಯಿತು. ಈಗ ವಿಮಾನದ ವೇಗವನ್ನೂ ನಾಟ್‌ನಲ್ಲೇ ಹೇಳುತ್ತಾರೆ, ಹಗ್ಗವೇ ಇಲ್ಲದಿದ್ದರೂ.