ಝೋನ್ ಬಂತು, ಸರಿ. ಆಮೇಲೆ?

ಕರ್ನಾಟಕದ ಯಾವುದಾದರೂ ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ವಿಭಾಗಕ್ಕೆ ಹೋಗಿ ಹಳೆಯ ಎಂಎಸ್ಸಿ ಪ್ರಾಜೆಕ್ಟ್ ವರದಿಗಳ ಕಪಾಟು ತೆಗೆಸಿ ನೋಡಿ. ತುಳಸಿ, ಬೇವು, ಲಕ್ಕಿ, ಅಮೃತಬಳ್ಳಿ, ಒಂದೆಲಗ. ಗಿಡದ ಹೆಸರು ಬದಲಾಗುತ್ತದೆ, ಪ್ರಯೋಗ ಮಾತ್ರ ಅದೇ. ಎಲೆ ಒಣಗಿಸಿ ಪುಡಿ ಮಾಡು, ಮೆಥನಾಲ್‌ನಲ್ಲಿ ನೆನೆಸು, ಬ್ಯಾಕ್ಟೀರಿಯಾ ಹಚ್ಚಿದ ಅಗಾರ್ ಎಂಬ ಜೆಲ್ಲಿಯ ಪ್ಲೇಟಿನಲ್ಲಿ ತೂತು ಕೊರೆದು ಸುರಿ, ಮರುದಿನ ಸ್ಕೇಲ್ ಹಿಡಿದು ಝೋನ್ ಅಳೆ, ಅಂದರೆ ತೂತಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಉಳಿದ ವೃತ್ತ. 18 ಮಿಲಿಮೀಟರ್ ಬಂತಾ? ಹಾಗಾದರೆ ಈ ಗಿಡದಿಂದ ಹೊಸ ಆಂಟಿಬಯೋಟಿಕ್ ಮಾಡಬಹುದು ಅಂತ ಕೊನೆಯ ಪುಟದಲ್ಲಿ ಬರೆದು ಬೈಂಡಿಂಗ್‌ಗೆ ಕೊಡು.

ಮುಂದಿನ ವರ್ಷ ಇನ್ನೊಬ್ಬರು, ಇನ್ನೊಂದು ಎಲೆ.

ಬ್ಯಾಕ್ಟೀರಿಯಾ ವಿರುದ್ಧ ಹೊಸ ಮದ್ದು ಹುಡುಕುವ ಲ್ಯಾಬಿನಲ್ಲಿ ನನ್ನ ಕೆಲಸ. ಇಂಟರ್ವ್ಯೂಗೆ ಬರುವ ಹುಡುಗ ಹುಡುಗಿಯರು ಬಹಳ ಚುರುಕು. ಆದರೆ 'ಝೋನ್ ಬಂದ ಮೇಲೆ ಏನು ಮಾಡಿದಿರಿ?' ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದ್ದಲ್ಲ. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿಯೇ ಇಲ್ಲ.

ಮೊದಲು ಆ ಝೋನ್ ವಿಷಯ. ಅದರ ಅಳತೆ ಮದ್ದಿನ ಶಕ್ತಿಯನ್ನಷ್ಟೇ ಹೇಳುವುದಿಲ್ಲ, ಆ ಪದಾರ್ಥ ಅಗಾರ್‌ನಲ್ಲಿ ಎಷ್ಟು ಸರಾಗವಾಗಿ ಹರಡುತ್ತದೆ ಅನ್ನುವುದನ್ನೂ ಹೇಳುತ್ತದೆ. ಕೊಲಿಸ್ಟಿನ್ ನೋಡಿ. ಬೇರೆಲ್ಲ ಕೈಕೊಟ್ಟ ಮೇಲೆ ಐಸಿಯುನಲ್ಲಿ ಕೊಡುವ ಕೊನೆಯ ಮದ್ದುಗಳಲ್ಲಿ ಒಂದು. ದೊಡ್ಡ ಅಣುವಾದ್ದರಿಂದ ಅಗಾರ್‌ನಲ್ಲಿ ಅದು ಸರಿಯಾಗಿ ಹರಡುವುದೇ ಇಲ್ಲ. ಅದಕ್ಕೇ ಕೊಲಿಸ್ಟಿನ್‌ಗೆ ಡಿಸ್ಕ್ ಪರೀಕ್ಷೆ (ಮದ್ದು ಹೀರಿಸಿದ ಕಾಗದದ ಬಿಲ್ಲೆ ಇಟ್ಟು ಝೋನ್ ಅಳೆಯುವುದು) ನಂಬಬೇಡಿ ಎಂದು ನಿಯಮಾವಳಿಗಳೇ ಹೇಳುತ್ತವೆ. ಝೋನ್ ನೋಡಿ ಅಂಕ ಕೊಡುವುದಾದರೆ ಕೊಲಿಸ್ಟಿನ್ ಫೇಲು, ಯಾವುದೋ ಕಷಾಯ ಫಸ್ಟ್ ಕ್ಲಾಸು.

ಇನ್ನು ಪ್ರಮಾಣ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಡಿಸ್ಕಿನಲ್ಲಿ ಇರುವುದು 10 ಮೈಕ್ರೋಗ್ರಾಂ, ಸಿಪ್ರೊಫ್ಲೋಕ್ಸಾಸಿನ್‌ನಲ್ಲಿ 5. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಮಿಲಿಲೀಟರ್‌ಗೆ 100 ಮಿಲಿಗ್ರಾಂ ಗಟ್ಟಿ ಸಾರ ಮಾಡಿ, ಅದರಲ್ಲಿ 100 ಮೈಕ್ರೋಲೀಟರ್ ಸುರಿದರೆ 10 ಮಿಲಿಗ್ರಾಂ ಬಿತ್ತು. ಜೆಂಟಾಮೈಸಿನ್‌ಗಿಂತ ಸಾವಿರ ಪಟ್ಟು! ಅಷ್ಟು ಸುರಿದರೆ ಯಾರು ತಾನೇ ಸಾಯುವುದಿಲ್ಲ? ಅದರಲ್ಲೂ ಎಲೆಯ ಟ್ಯಾನಿನ್‌ಗಳು ಸಿಕ್ಕಸಿಕ್ಕ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುತ್ತವೆ. ಮೆಥನಾಲ್ ಪೂರ್ತಿ ಹಾರಿರದಿದ್ದರೆ ಕೊಂದದ್ದು ಗಿಡವೋ ಮೆಥನಾಲ್ಲೋ ಗೊತ್ತಾಗುವುದಿಲ್ಲ. ಬರೀ ಮೆಥನಾಲ್ ಸುರಿದ ಒಂದು ತೂತು ಪಕ್ಕದಲ್ಲಿ ಇರಲೇಬೇಕು. ಎಷ್ಟೋ ಫೋಟೋಗಳಲ್ಲಿ ಅದು ಕಾಣುವುದೇ ಇಲ್ಲ.

ಸಾಯುತ್ತಿರುವುದು ಯಾರು ಅನ್ನುವುದೂ ಮುಖ್ಯ. ಬಹಳ ಕಡೆ ಬಳಸುವುದು ಎಟಿಸಿಸಿ 25922 ಎಂಬ ಇ. ಕೋಲಿ. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ಲ್ಯಾಬ್‌ಗಳಲ್ಲಿ ಸಾಕಿಕೊಂಡಿರುವ ಪಾಪದ ಬ್ಯಾಕ್ಟೀರಿಯಾ ಅದು. ಮಾಮೂಲಿ ಆಂಟಿಬಯೋಟಿಕ್‌ಗಳಿಗೆಲ್ಲ ಸಾಯುತ್ತದೆ. ಆಸ್ಪತ್ರೆಯಲ್ಲಿ ಜೀವ ತೆಗೆಯುತ್ತಿರುವುದು ಆಂಟಿಬಯೋಟಿಕ್ ಒಡೆದುಹಾಕುವ ಎನ್‌ಡಿಎಂ ಕಿಣ್ವ ಇಟ್ಟುಕೊಂಡ ಕ್ಲೆಬ್ಸಿಯೆಲ್ಲಾ, ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದ ಅಸಿನೆಟೊಬ್ಯಾಕ್ಟರ್. ಇವು ಗ್ರಾಂ-ನೆಗೆಟಿವ್ ಜಾತಿ. ಹೊರಗೆ ಇನ್ನೊಂದು ಪೊರೆ ಇರುತ್ತದೆ, ಹೆಚ್ಚಿನ ಅಣುಗಳನ್ನು ಅದು ಒಳಗೇ ಬಿಡುವುದಿಲ್ಲ. ಹೇಗೋ ನುಸುಳಿ ಬಂದದ್ದನ್ನು ಕುತ್ತಿಗೆ ಹಿಡಿದು ಆಚೆ ದಬ್ಬಲು ಪಂಪ್‌ಗಳೂ ಇವೆ.

ನಿಜವಾದ ಸ್ಕ್ರೀನಿಂಗ್, ಅಂದರೆ ಮದ್ದಾಗಬಲ್ಲ ಅಣುವನ್ನು ಸೋಸಿ ಹುಡುಕುವುದು, ಹೇಗೆ ನಡೆಯುತ್ತದೆ? 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟು. ಮಿಲಿಲೀಟರ್‌ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ. ಮದ್ದು ಪ್ರತಿ ಗುಳಿಗೂ ಅರ್ಧರ್ಧ ಕಡಿಮೆ. ಒಂದು ರಾತ್ರಿ ಇಟ್ಟು, ಬೆಳವಣಿಗೆ ನಿಂತ ಅತಿ ಕಡಿಮೆ ಪ್ರಮಾಣ ಯಾವುದು ಅಂತ ನೋಡುವುದು. ಅದೇ ಎಂಐಸಿ. ಇಲ್ಲಿಗೆ ಕೆಲಸ ಶುರುವಾಯಿತು ಅಷ್ಟೇ. ಟಾಲ್‌ಸಿ ಎಂಬ ಜೀನ್ ಕಿತ್ತುಹಾಕಿದ, ಪಂಪ್ ಕೆಟ್ಟ ಇ. ಕೋಲಿಯ ಮೇಲೂ ಅದೇ ಅಣು ಹಾಕಿ ನೋಡುತ್ತೇವೆ. ಅದು ಸತ್ತು ಮಾಮೂಲಿ ಇ. ಕೋಲಿ ಸಾಯದಿದ್ದರೆ ಅಣುವಿನಲ್ಲಿ ತಾಕತ್ತಿದೆ, ಒಳಗೆ ನಿಲ್ಲಲು ಆಗುತ್ತಿಲ್ಲ ಎಂದರ್ಥ. ಆಮೇಲೆ ಕೆಂಪು ರಕ್ತಕಣ ಒಡೆಯುತ್ತದಾ, ಮನುಷ್ಯರ ಮೂತ್ರಪಿಂಡದ ಕೋಶ ಸಾಯುತ್ತದಾ, ಸೀರಮ್ ಬೆರೆಸಿದರೆ ಶಕ್ತಿ ಉಳಿಯುತ್ತದಾ, ಎಷ್ಟು ಬೇಗ ರೆಸಿಸ್ಟೆನ್ಸ್ (ಮದ್ದಿಗೆ ಬಗ್ಗದ ಗುಣ) ಬರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತನ್ನು ಎಸೆಯುವುದೇ ನಮ್ಮ ಉದ್ಯೋಗ ಅಂದರೂ ತಪ್ಪಿಲ್ಲ.

ದೊಡ್ಡ ಕಂಪನಿಗಳಿಗೂ ಇದು ಸಲೀಸಲ್ಲ. ಗ್ಲಾಕ್ಸೊಸ್ಮಿತ್‌ಕ್ಲೈನ್ 1995ರಿಂದ 2001ರವರೆಗೆ 70 ದೊಡ್ಡ ಸ್ಕ್ರೀನಿಂಗ್‌ಗಳನ್ನು ನಡೆಸಿತು. ಹೆಚ್ಚಿನವು ಕೋಶದಿಂದ ಬೇರ್ಪಡಿಸಿದ ಕಿಣ್ವಗಳ ಮೇಲೆ. ಮುಂದುವರಿಸಲು ಯೋಗ್ಯ ಅನ್ನಿಸಿದ ಅಣುಗಳ ಗುಂಪು ಸಿಕ್ಕಿದ್ದು 5. ಕಿಣ್ವವನ್ನು ತಡೆಯುವ ಅಣು ಸಿಗಬಹುದು, ಅದನ್ನು ಬ್ಯಾಕ್ಟೀರಿಯಾ ಒಳಗೆ ಸೇರಿಸುವುದೇ ಕಷ್ಟ. ಈ ಸೋಲನ್ನು 2007ರಲ್ಲಿ ಅವರೇ ಬರೆದು ಪ್ರಕಟಿಸಿದರು. ನನ್ನ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಉಪಯೋಗದ ಲೇಖನ ಅದು. ನಮ್ಮಲ್ಲಿ 'ಏನೂ ಸಿಗಲಿಲ್ಲ' ಅಂತ ಬರೆದ ಪ್ರಾಜೆಕ್ಟ್‌ಗೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ, ಹೇಳಿ?

ಗೆದ್ದ ಉದಾಹರಣೆಯೂ ಇದೆ. ಟಿಬಿ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆಯಲು ಮೂರ್ನಾಲ್ಕು ವಾರ ಬೇಕು, ಅಪಾಯ ಬೇರೆ. ಜಾನ್ಸನ್ ಕಂಪನಿಯವರು ಅದರ ನಿರುಪದ್ರವಿ ನೆಂಟ ಸ್ಮೆಗ್ಮಾಟಿಸ್ ಮೇಲೆ ಸ್ಕ್ರೀನ್ ಮಾಡಿದರು. ಅದು ಮೂರೇ ದಿನದಲ್ಲಿ ಬೆಳೆಯುತ್ತದೆ. ಸಿಕ್ಕ ಅಣು ಎಲ್ಲಿ ಹೊಡೆಯುತ್ತದೆ ಅನ್ನುವುದು ಆಮೇಲೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನ್ ಓದಿದಾಗ ತಿಳಿಯಿತು: ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ತಯಾರಿಸುವ ಯಂತ್ರಕ್ಕೇ ಕೈ ಹಾಕಿತ್ತು. ಅದೇ ಬೆಡಾಕ್ವಿಲಿನ್. ಅಮೆರಿಕದಲ್ಲಿ 2012ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದು, ರೋಶ್ ಕಂಪನಿಯವರ ಜೊಸುರಬಾಲ್ಪಿನ್. ಸುಮಾರು 45,000 ಉಂಗುರಾಕಾರದ ಪೆಪ್ಟೈಡ್‌ಗಳನ್ನು (ಪುಟ್ಟ ಪ್ರೋಟೀನ್‌ನಂಥ ಅಣು) ಜಾಲಾಡಿ ಅಸಿನೆಟೊಬ್ಯಾಕ್ಟರ್ ಕೊಲ್ಲುವ ಅಣು ಹಿಡಿದರು. ಆದರೆ ಆ ಮೊದಲ ಅಣುಗಳು ರಕ್ತದ ಕೊಬ್ಬಿನ ಕಣಗಳ ಜೊತೆ ಸೇರಿ ಗರಣೆಗಟ್ಟುತ್ತಿದ್ದವು. ಅಣುವಿನ ವಿದ್ಯುದಂಶ ಬದಲಿಸಿ ಅದನ್ನು ಸರಿಪಡಿಸಿದರು. ಝೋನ್ ನೋಡಿ ನಿಲ್ಲಿಸಿದ್ದರೆ ಈ ತೊಂದರೆ ಗೊತ್ತಾಗುತ್ತಲೇ ಇರಲಿಲ್ಲ.

ಈಗ ಕಾಮೆಂಟಿನಲ್ಲಿ ಯಾರಾದರೂ 'ಹಾಗಾದ್ರೆ ನಮ್ಮ ಗಿಡಮೂಲಿಕೆ ಎಲ್ಲ ಸುಳ್ಳಾ?' ಅಂತ ಕೇಳೇ ಕೇಳುತ್ತಾರೆ. ಸುಳ್ಳು ಅಂದಿಲ್ಲ ಮಾರಾಯ್ರೇ. ಮಲೇರಿಯಾದ ಆರ್ಟೆಮಿಸಿನಿನ್ ಗಿಡದಿಂದಲೇ ಬಂತು. ಚೀನಾದ ತು ಯುಯು ತಂಡ ಸಾರವನ್ನು ಮಲೇರಿಯಾ ಬಂದ ಇಲಿಗಳಿಗೆ ಕೊಟ್ಟು ನೋಡಿತು, ಒಳಗಿನ ಅಣುವನ್ನು ಬೇರ್ಪಡಿಸಿತು, ರೋಗಿಗಳವರೆಗೂ ತಂದಿತು. ಆ ಹಟ ಬೇಕು. ಆದರೆ ಇವತ್ತು ಮೆಡಿಕಲ್ ಶಾಪಿನಲ್ಲಿರುವ ಆಂಟಿಬಯೋಟಿಕ್‌ಗಳು ಬಂದಿರುವುದು ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟು ಅಥವಾ ರಸಾಯನಶಾಸ್ತ್ರಜ್ಞರ ಫ್ಲಾಸ್ಕ್‌ನಿಂದ. 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯರೋಗಗಳ ಮೇಲೆ ಕೆಲಸ ಮಾಡಿದ ಎಂ. ಜೆ. ತಿರುಮಲಾಚಾರ್ ಆಮೇಲೆ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ಗೆ ಹೋಗಿ, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಹ್ಯಾಮೈಸಿನ್ ತೆಗೆದರು. ಅದು ಶಿಲೀಂಧ್ರದ ಮದ್ದು, ಇಲ್ಲಿನ ವಿಷಯಕ್ಕೆ ನೇರ ಸಂಬಂಧ ಇಲ್ಲ. ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿಲ್ಲವಲ್ಲ ಅಂತ ಸುಮ್ನೆ ಹೇಳಿದೆ.

ನನಗೆ ಅನ್ನಿಸುವುದು ಇಷ್ಟು: ಎಲೆ ಬಿಡಿ, ಪಕ್ಕದ ಕೆಮಿಸ್ಟ್ರಿ ವಿಭಾಗದ ಫ್ರಿಜ್ ತೆಗೆಯಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2015ರಲ್ಲಿ ಕೋ-ಆ್ಯಡ್ ಅಂತ ಒಂದು ಯೋಜನೆ ಶುರು ಮಾಡಿತು. ಜಗತ್ತಿನ ಯಾವ ಮೂಲೆಯ ಕೆಮಿಸ್ಟ್ ಆದರೂ ತಾವು ಮಾಡಿದ ಅಣುವನ್ನು ಒಂದು ಮಿಲಿಗ್ರಾಂನಷ್ಟು ಕಳಿಸಿದರೆ ಐದು ಬ್ಯಾಕ್ಟೀರಿಯಾ, ಎರಡು ಶಿಲೀಂಧ್ರಗಳ ಮೇಲೆ ಉಚಿತವಾಗಿ ಪರೀಕ್ಷಿಸಿಕೊಡುತ್ತಿತ್ತು. 2020ರಲ್ಲಿ ಅವರು ಲೆಕ್ಕ ಹಾಕಿದಾಗ, ಬಂದಿದ್ದ ಲೋಹದ ಸಂಯುಕ್ತಗಳು 906. ಅವುಗಳಲ್ಲಿ 88 ಕೆಲಸ ಮಾಡಿದ್ದವು, ಅಂದರೆ ನೂರಕ್ಕೆ ಹತ್ತರ ಹತ್ತಿರ. ಉಳಿದ ಸುಮಾರು ಮೂರು ಲಕ್ಷ ಅಣುಗಳಲ್ಲಿ ಕೆಲಸ ಮಾಡಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮಲ್ಲಿ ತಾಮ್ರ, ಸತು, ಕೋಬಾಲ್ಟ್ ಸೇರಿಸಿ ಶಿಫ್ ಬೇಸ್ ಕಾಂಪ್ಲೆಕ್ಸ್ ಎಂಬ ಲೋಹದ ಸಂಯುಕ್ತ ಮಾಡಿ ಪಿಎಚ್‌ಡಿ ಪಡೆದವರಿಗೆ ಬರವಾ? ಆ ಸೀಸೆಗಳು ಲೇಬಲ್ ಮಾಸುವವರೆಗೂ ಅಲ್ಲೇ ಕೂತಿರುತ್ತವೆ. ಲೋಹ ಅಂದಮೇಲೆ ನಮ್ಮ ಕೋಶಕ್ಕೂ ವಿಷವಾಗಬಹುದು, ಆ ಪರೀಕ್ಷೆ ಬಿಡುವ ಹಾಗಿಲ್ಲ.

ನುರಿತ ಕೈಗಳಿಗೂ ಇಲ್ಲಿ ಕೊರತೆ ಇಲ್ಲ. ಆಸ್ಟ್ರಾಜೆನೆಕಾ 2014ರಲ್ಲಿ ಬೆಂಗಳೂರಿನ ಸಂಶೋಧನಾ ಕೇಂದ್ರ ಮುಚ್ಚಿತು. ಅಲ್ಲಿ ಹುಟ್ಟಿದ ಟಿಬಿಎ-7371 ಎಂಬ ಟಿಬಿ ಮದ್ದು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಅಲ್ಲಿದ್ದ ಕೆಲವರು ಸೇರಿ ಕಟ್ಟಿದ ಬಗ್‌ವರ್ಕ್ಸ್ ಇದೇ ಊರಿನಲ್ಲಿ ಗ್ರಾಂ-ನೆಗೆಟಿವ್ ಮದ್ದಿನ ಹಿಂದೆ ಬಿದ್ದಿದೆ. ಇಂಥ ಅನುಭವ ಇರುವವರು ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರಿನ ವಿಭಾಗಗಳಿಗೆ ಬಂದು ಎರಡು ದಿನ ಪ್ಲೇಟ್ ಹಾಕಿ ತೋರಿಸಿದರೂ ಸಾಕು. ನಿಜವಾದ ಐಸಿಯು ತಳಿಗಳನ್ನು ಎಲ್ಲ ಕಾಲೇಜಿಗೂ ಹಂಚಬೇಡಿ, ಅದು ಅಪಾಯ. ರಾಜ್ಯಕ್ಕೆ ಒಂದೋ ಎರಡೋ ಸುರಕ್ಷಿತ ಕೇಂದ್ರ ಇರಲಿ, ಉಳಿದವರು ಅಣು ಕಳಿಸಲಿ.

ಈ ವರ್ಷದ ಪ್ರಾಜೆಕ್ಟ್ ಪಟ್ಟಿ ಇನ್ನೂ ಅಂತಿಮ ಮಾಡಿರದ ಗೈಡ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೆಂಜರ್‌ನಲ್ಲಿ ಕೇಳಿ. ಎಂಐಸಿ ಮತ್ತು ರಕ್ತಕಣ ಪರೀಕ್ಷೆ ಎರಡರ ವಿಧಾನವನ್ನೂ ಕನ್ನಡದಲ್ಲೇ ಬರೆದು ಕಳಿಸುತ್ತೇನೆ. ರೋಬೋಟ್ ಬೇಡ, ಮಲ್ಟಿಚಾನೆಲ್ ಪಿಪೆಟ್ ಒಂದಿದ್ದರೆ ನಡೆಯುತ್ತದೆ.