ಡಾಡ್ಜರ್ಸ್ ಕಪ್ ದುಡ್ಡು ಕೊಟ್ಟು ತಗೊಂಡ್ರು ಅನ್ನೋ ನಮ್ಮವರಿಗೆ

ಲಾಸ್ ಏಂಜಲೀಸ್ ಡಾಡ್ಜರ್ಸ್ 2024ರಲ್ಲಿ ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು. 2025ರಲ್ಲಿ ಮತ್ತೆ ಗೆದ್ದರು. ಅಲ್ಲಿಂದ ನಮ್ಮ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ) ಜೈಂಟ್ಸ್ ತಂಡದ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು. "ಅಷ್ಟು ದುಡ್ಡು ಸುರಿದರೆ ಯಾರು ಬೇಕಾದ್ರೂ ಗೆಲ್ತಾರೆ ಬಿಡಿ." ಆಫೀಸಲ್ಲಿ ಅದೇ, ಕನ್ನಡ ಕೂಟದ ಊಟದ ಸಾಲಲ್ಲೂ ಅದೇ. ನಾನೂ ಕಿತ್ತಳೆ-ಕಪ್ಪು ಟೋಪಿ ಹಾಕುವವನೇ. ಡಾಡ್ಜರ್ಸ್ ಸೋತ ರಾತ್ರಿ ನನಗೂ ನಿದ್ದೆ ಚೆನ್ನಾಗಿ ಬರುತ್ತದೆ. ಆದರೂ ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಕ್ರಿಕೆಟ್ ಮಾತ್ರ ನೋಡುವ ಊರಿನ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಪರ್ಸ್. 2025ರ ದೊಡ್ಡ ಹರಾಜಿಗೆ 120 ಕೋಟಿ ರೂಪಾಯಿ ಇತ್ತು, ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಾಗೆ ಕಟ್ಟುನಿಟ್ಟಿನ ಮಿತಿ ಇಲ್ಲ. ಆಟಗಾರರ ಒಟ್ಟು ಸಂಬಳಕ್ಕೆ ಒಂದು ಗೆರೆ ಇದೆ. 2025ರಲ್ಲಿ ಅದು 24.1 ಕೋಟಿ ಡಾಲರ್. ದಾಟಿದರೆ ತೆರಿಗೆ ಕಟ್ಟಬೇಕು, ಕಟ್ಟುವ ತಾಕತ್ತಿದ್ದರೆ ಎಷ್ಟು ದೂರ ಬೇಕಾದರೂ ಹೋಗಬಹುದು. ಡಾಡ್ಜರ್ಸ್ ಆ ವರ್ಷ 40 ಕೋಟಿಯನ್ನೂ ದಾಟಿದರು. ಹಾಗಾಗಿ ದುಡ್ಡಿನ ಮಾತು ಸುಳ್ಳಲ್ಲ. ಅರ್ಧ ನಿಜ, ಅಷ್ಟೇ.

ಜಪಾನಿನ ಸ್ಟಾರ್ ಆಟಗಾರ ಒಹ್ತಾನಿ ವಿಷಯವನ್ನೇ ತಗೊಳ್ಳಿ. 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಅವನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಿದರು. ಅದರಲ್ಲಿ 68 ಕೋಟಿ ಕೊಡುವುದು ಆಮೇಲೆ, 2034ರಿಂದ 2043ರ ತನಕ. "ಇದೆಂಥ ಉದ್ರಿ ವ್ಯಾಪಾರ" ಅಂತ ನಮ್ಮವರು ಬಾಯಿ ಬಡಕೊಂಡರು. ಆದರೆ ಹೆಚ್ಚುಕಡಿಮೆ ಅದೇ ಲೆಕ್ಕದ ಆಫರ್ ನಾವೂ ಇಟ್ಟಿದ್ದೆವು ಅಂತ ಆಗ ಜೈಂಟ್ಸ್ ನಡೆಸುತ್ತಿದ್ದ ಫರ್ಹಾನ್ ಜೈದಿ ಅವರೇ ಹೇಳಿದರು. ನಾವು ಕೊಟ್ಟಿದ್ದರೆ ಜಾಣತನ, ಅವರು ಕೊಟ್ಟರೆ ಅನ್ಯಾಯ ಅಲ್ವಾ?

ಅದಕ್ಕೂ ಒಂದು ವರ್ಷ ಮುಂಚೆ ದೊಡ್ಡ ಹೆಸರಿನ ಬ್ಯಾಟರ್ ಆರನ್ ಜಡ್ಜ್. ಇಲ್ಲೇ ಕ್ಯಾಲಿಫೋರ್ನಿಯಾದ ಲಿಂಡನ್ ಊರಿನವನು, ಚಿಕ್ಕಂದಿನಲ್ಲಿ ಜೈಂಟ್ಸ್ ಅಭಿಮಾನಿ. ದುಡ್ಡು ಇಟ್ಟರೂ ಬರಲಿಲ್ಲ, 36 ಕೋಟಿಗೆ ನ್ಯೂಯಾರ್ಕ್‌ನ ಯಾಂಕೀಸ್ ತಂಡದಲ್ಲೇ ಉಳಿದ. ಅದೇ ತಿಂಗಳು ಕಾರ್ಲೋಸ್ ಕೊರಿಯಾ ಅನ್ನುವ ಆಟಗಾರನಿಗೆ ನಮ್ಮ ಕಡೆಯಿಂದ 13 ವರ್ಷ, 35 ಕೋಟಿ ಅಂತ ಮಾತಾಯಿತು. ವೈದ್ಯಕೀಯ ಪರೀಕ್ಷೆಯಲ್ಲಿ ಏನೋ ಅನುಮಾನ ಬಂತು. ಪತ್ರಿಕಾಗೋಷ್ಠಿ ಇಟ್ಟುಕೊಂಡಿದ್ದ ದಿನ ಬೆಳಿಗ್ಗೆಯೇ ಅದನ್ನು ರದ್ದು ಮಾಡಿದರು. ಇದೆಲ್ಲ ಬಡ ತಂಡದ ಕಥೆ ಅಲ್ಲ ಮಾರಾಯ್ರೇ. ಖರ್ಚು ಮಾಡಲು ಓಡಾಡಿ ಬರಿಗೈಲಿ ವಾಪಸ್ ಬಂದವರ ಕಥೆ.

ಈಗ ಯಾರೂ ಮಾತಾಡದ ಇನ್ನರ್ಧಕ್ಕೆ ಬರೋಣ. ಮ್ಯಾಕ್ಸ್ ಮನ್ಸಿ ಡಾಡ್ಜರ್ಸ್‌ಗೆ ಬಂದಿದ್ದು ಹೇಗೆ? 2017ರಲ್ಲಿ ಓಕ್ಲೆಂಡ್ ಎ'ಸ್ ಬೇಡ ಅಂತ ಕೈಬಿಟ್ಟಿತು. ಡಾಡ್ಜರ್ಸ್ ಮೈನರ್ ಲೀಗ್ (ಕೆಳಹಂತದ ಲೀಗ್) ಕಾಂಟ್ರಾಕ್ಟ್‌ನಲ್ಲಿ ಕರಕೊಂಡರು. ಮುಂದಿನ ವರ್ಷ ಅವನು 35 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಜಸ್ಟಿನ್ ಟರ್ನರ್‌ನನ್ನು ನ್ಯೂಯಾರ್ಕ್‌ನ ಮೆಟ್ಸ್ ತಂಡ ಕೈಬಿಟ್ಟಿತ್ತು. ಅವನೂ ಮೈನರ್ ಲೀಗ್ ಕಾಂಟ್ರಾಕ್ಟ್‌ನಲ್ಲೇ ಬಂದವನು, ಮೂರೇ ವರ್ಷದಲ್ಲಿ ತಂಡದ ಬೆನ್ನೆಲುಬಾದ. ವಿಲ್ ಸ್ಮಿತ್, ಕರ್ಶಾ ಇಬ್ಬರೂ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವ ಪದ್ಧತಿ, ಸೋತ ತಂಡಗಳಿಗೆ ಸರದಿ ಬೇಗ) ಆರಿಸಿ ಮನೆಯಲ್ಲೇ ಬೆಳೆಸಿದ ಹುಡುಗರು. 2025ರ ಏಳನೇ ಪಂದ್ಯದಲ್ಲಿ, 11ನೇ ಇನಿಂಗ್ಸ್‌ನಲ್ಲಿ ಟೊರಾಂಟೊ ಎದುರು ಹೋಮ್‌ರನ್ ಹೊಡೆದು ಕಪ್ ತಂದವನು ಇದೇ ಸ್ಮಿತ್. ಇದನ್ನೆಲ್ಲ ನಡೆಸುವ ಆಂಡ್ರ್ಯೂ ಫ್ರೀಡ್‌ಮನ್ 2014ರಲ್ಲಿ ಬಂದಿದ್ದು ಟ್ಯಾಂಪಾದಿಂದ. ಅದು ಪೈಸೆ ಪೈಸೆ ಲೆಕ್ಕ ಹಾಕುವ ತಂಡ. ಕಾಸಿಲ್ಲದ ಕಡೆ ಕೆಲಸ ಕಲಿತವನ ಕೈಗೆ ಖಜಾನೆ ಕೊಟ್ಟರೆ ಏನಾಗುತ್ತದೆ ಅಂತ ನಾವು ಪ್ರತಿ ಅಕ್ಟೋಬರ್ ನೋಡುತ್ತಿದ್ದೇವೆ.

ದುಡ್ಡೊಂದೇ ಸಾಕು ಅನ್ನುವವರು ಮೆಟ್ಸ್ ಕಡೆ ನೋಡಲಿ. ಹುವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟರು. 2025ರಲ್ಲಿ ಪ್ಲೇಆಫ್‌ಗೂ ಬರಲಿಲ್ಲ. ಅದೇ ವರ್ಷ ಸಣ್ಣ ಊರು ಮಿಲ್ವಾಕಿಯ ಬ್ರೂವರ್ಸ್ 97 ಪಂದ್ಯ ಗೆದ್ದು ಎಲ್ಲರಿಗಿಂತ ಮೇಲೆ ಕೂತರು. ಸರಿ, ಆಮೇಲೆ ಡಾಡ್ಜರ್ಸ್ ಅವರನ್ನು 4-0 ಅಂತ ಮನೆಗೆ ಕಳಿಸಿದರು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಪ್ರಕಾರ ದೊಡ್ಡ ದುಡ್ಡಿನ ನಿಜವಾದ ಉಪಯೋಗ ಬೇರೆ: ತಪ್ಪು ಮಾಡಿದರೂ ನಡೆಯುತ್ತದೆ. ಪಿಚರ್ (ಚೆಂಡು ಎಸೆಯುವವನು) ಟ್ಯಾನರ್ ಸ್ಕಾಟ್‌ಗೆ 4 ವರ್ಷಕ್ಕೆ 7.2 ಕೋಟಿ ಕೊಟ್ಟು ತಂದರು, ಮೊದಲ ವರ್ಷವೇ ಕೈಕೊಟ್ಟ. ಬೇರೆ ತಂಡವಾಗಿದ್ದರೆ ವರ್ಷವೇ ಹಾಳು. ಇವರು ಇನ್ನೊಬ್ಬನನ್ನು ನಿಲ್ಲಿಸಿ ಕಪ್ ಎತ್ತಿದರು.

ಇನ್ನು ನಮ್ಮ ಮನೆ ವಿಷಯ. 2021ರಲ್ಲಿ ಜೈಂಟ್ಸ್ 107 ಪಂದ್ಯ ಗೆದ್ದರು, ಡಾಡ್ಜರ್ಸ್ 106. ಎಂಥ ವರ್ಷ ಅದು! ಆಮೇಲೆ? 81, 79, 80, 81. ಒಂದು ಸೀಸನ್‌ಗೆ 162 ಪಂದ್ಯ. ಅಂದರೆ ನಾಲ್ಕು ವರ್ಷದಿಂದ ಸರಿಯಾಗಿ ಮಧ್ಯದಲ್ಲಿ ನಿಂತಿದ್ದೇವೆ. ಕೆಟ್ಟ ತಂಡ ಆಗಿದ್ದರೆ ಡ್ರಾಫ್ಟ್‌ನಲ್ಲಿ ಒಳ್ಳೆ ಹುಡುಗರಾದರೂ ಸಿಗುತ್ತಿದ್ದರು. ಅದೂ ಇಲ್ಲ. ಅರ್ವೈನ್‌ನಲ್ಲಿರುವ ನಮ್ಮ ಭಾವ ಡಾಡ್ಜರ್ಸ್ ಕಡೆಯವರು. ಸೆಪ್ಟೆಂಬರ್ ಕೊನೆಗೆ ತಪ್ಪದೆ ಫೋನ್ ಮಾಡುತ್ತಾರೆ. "ಏನಪ್ಪಾ, ಈ ಸಲನೂ 81ಆ?" ಏನು ಉತ್ತರ ಕೊಡೋದು ಹೇಳಿ.

ತಂಡ ಕಟ್ಟುವುದರಲ್ಲಿ ನಮ್ಮ ಕೊರತೆ ಎಲ್ಲಿದೆ ಅಂತ ಕೇಳಿದರೆ ನಾನು ಲೆಫ್ಟ್ ಫೀಲ್ಡ್ (ಮೈದಾನದ ಎಡಬದಿಯ ಫೀಲ್ಡಿಂಗ್ ಜಾಗ) ತೋರಿಸುತ್ತೇನೆ. ಅಲ್ಲಿ ಆಡುತ್ತಿದ್ದ ನಮ್ಮ ದೊಡ್ಡ ಬ್ಯಾಟರ್ ಬ್ಯಾರಿ ಬಾಂಡ್ಸ್ 2007ರಲ್ಲಿ ತಂಡ ಬಿಟ್ಟರು. 2008ರಿಂದ 2025ರ ತನಕ ಪ್ರತಿ ವರ್ಷದ ಮೊದಲ ಪಂದ್ಯದಲ್ಲಿ ಆ ಜಾಗದಲ್ಲಿ ನಿಂತವರು ಬೇರೆ ಬೇರೆ. ಒಬ್ಬನೂ ಎರಡನೇ ಸಲ ನಿಲ್ಲಲಿಲ್ಲ. ಬರೆಲ್, ಹಫ್, ಟೊರೆಸ್, ಮೋರ್ಸ್, ಆವೊಕಿ, ಪಗಾನ್, ಪಾರ್ಕರ್, ಪೆನ್ಸ್... ಹೆಸರು ಹೇಳುತ್ತಾ ಹೋದರೆ ಒಂದು ಬಸ್ ತುಂಬುತ್ತದೆ. ತಮಾಷೆ ಅಂದರೆ, ಬಾಂಡ್ಸ್ ಹೋದ ಮೇಲೆ ಮೊದಲು ಅಲ್ಲಿ ನಿಂತವರು ಡೇವ್ ರಾಬರ್ಟ್ಸ್. ಹೌದು, ಈಗ ಡಾಡ್ಜರ್ಸ್ ಮ್ಯಾನೇಜರ್ ಆಗಿರುವ ಅದೇ ಮಹಾಶಯರು. ಅಷ್ಟು ವರ್ಷ ಒಂದು ಜಾಗಕ್ಕೆ ಒಬ್ಬ ಹುಡುಗನನ್ನು ಬೆಳೆಸಲಾಗದವರು ಪಕ್ಕದ ಮನೆಯ ತಿಜೋರಿ ನೋಡಿ ನಿಟ್ಟುಸಿರು ಬಿಟ್ಟರೆ ಏನು ಬಂತು?

ಬೆಳೆಸುವುದು ನಮಗೆ ಗೊತ್ತಿಲ್ಲದ ವಿದ್ಯೆ ಅಂತಲ್ಲ. 2010ರ ವರ್ಲ್ಡ್ ಸೀರೀಸ್‌ನಲ್ಲಿ ಪಂದ್ಯದ ಶುರುವಿನಿಂದ ಚೆಂಡು ಎಸೆಯುವ ನಮ್ಮ ನಾಲ್ಕೂ ಸ್ಟಾರ್ಟಿಂಗ್ ಪಿಚರ್‌ಗಳು ನಾವೇ ಡ್ರಾಫ್ಟ್ ಮಾಡಿದವರು: ಲಿನ್ಸೆಕಮ್, ಕೇನ್, ಸ್ಯಾಂಚೆಜ್, ಬಮ್‌ಗಾರ್ನರ್. ಚೆಂಡು ಹಿಡಿಯಲು ಕೂತ ಬಸ್ಟರ್ ಪೋಸಿಯೂ ನಮ್ಮವನೇ. ಸುತ್ತಲೂ ಬೇರೆಯವರು ಬಿಟ್ಟ ಸಾಮಾನು. ಕೋಡಿ ರಾಸ್‌ನನ್ನು ಮಾರ್ಲಿನ್ಸ್ ತಂಡ ವೇವರ್ಸ್‌ಗೆ (ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ಬಿಡುವ ಪಟ್ಟಿ) ಹಾಕಿದಾಗ ಎತ್ತಿಕೊಂಡಿದ್ದು, ಅಕ್ಟೋಬರ್‌ನಲ್ಲಿ ಅವನೇ ಫಿಲಡೆಲ್ಫಿಯಾವನ್ನು ಮುಗಿಸಿದ. ಆಗ ನಾವು ಮಾಡಿದ್ದನ್ನೇ ಈಗ ಅವರು ಮಾಡುತ್ತಿದ್ದಾರೆ, ಮೇಲೆ ದುಡ್ಡನ್ನೂ ಸೇರಿಸಿ.

ಆರ್‌ಸಿಬಿಯವರಿಗೆ ಇದು ಬೇಗ ಅರ್ಥ ಆಗುತ್ತದೆ. ವರ್ಷಗಟ್ಟಲೆ ದೊಡ್ಡ ಹೆಸರಿನ ಬ್ಯಾಟರ್‌ಗಳನ್ನು ಸಾಲಾಗಿ ನಿಲ್ಲಿಸಿ ಸೋತೆವು. 2025ರಲ್ಲಿ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಅಂತ ಬೌಲಿಂಗ್ ಕಟ್ಟಿಕೊಂಡ ಮೇಲೆ ಕಪ್ ಬಂತು. ಬೇರೆಯವರ ಪರ್ಸೂ ನಮ್ಮಷ್ಟೇ ಇತ್ತು, ನೆನಪಿರಲಿ.

ಎದುರಾಳಿ ಅಭಿಮಾನಿಗಳ ಬಗ್ಗೆಯೂ ಒಂಚೂರು ಹೇಳಲೇಬೇಕು. ನಮ್ಮ ಮೈದಾನ ಓರಾಕಲ್ ಪಾರ್ಕ್‌ಗೆ ಡಾಡ್ಜರ್ಸ್ ಬಂದ ದಿನ ಅರ್ಧ ಸ್ಟೇಡಿಯಂ ನೀಲಿ. ಬೆಳ್ಳುಳ್ಳಿ ಫ್ರೈಸ್ ಸಾಲಲ್ಲೂ ಅವರೇ ಮುಂದೆ. ನಾವು "ಬೀಟ್ ಎಲ್.ಎ." ಅಂತ ಕೂಗುತ್ತೇವೆ. ಆ ಕೂಗು ಕೂಡ ನಮ್ಮದಲ್ಲ, 1982ರಲ್ಲಿ ಬಾಸ್ಟನ್‌ನ ಬ್ಯಾಸ್ಕೆಟ್‌ಬಾಲ್ ಪ್ರೇಕ್ಷಕರು ಶುರು ಮಾಡಿದ್ದು. ಇರಲಿ. ಇಂಥ ಕಾಲೆಳೆಯುವುದು ನನಗೆ ಇಷ್ಟ. 2019ರಲ್ಲಿ ಮನ್ಸಿ ನಮ್ಮ ಬಮ್‌ಗಾರ್ನರ್ ಎಸೆತವನ್ನು ಸ್ಟೇಡಿಯಂ ಆಚೆ ನೀರಿಗೆ ಕಳಿಸಿ ನೋಡುತ್ತಾ ನಿಂತ. "ನೋಡಬೇಡ, ಓಡು" ಅಂತ ಬಮ್‌ಗಾರ್ನರ್ ರೇಗಿದ. "ನಾನು ನೋಡಬಾರದು ಅಂದ್ರೆ ಹೋಗಿ ಸಮುದ್ರದಿಂದ ಎತ್ಕೊಂಡು ಬಾ" ಅಂದ ಮನ್ಸಿ. ಆ ಮಾತು ಟೀ ಶರ್ಟ್ ಮೇಲೆ ಬಂತು, ಭಾವ ಒಂದು ತಗೊಂಡಿದ್ದಾರೆ. ಅದು ಸಮುದ್ರ ಅಲ್ಲ, ಕೊಲ್ಲಿ ಅಂತ ನಾನು ಈಗಲೂ ವಾದ ಮಾಡುತ್ತೇನೆ. ಬೇರೆ ಏನು ವಾದ ಉಳಿದಿದೆ ನಮಗೆ?

ಆದರೆ 2011ರ ಸೀಸನ್‌ನ ಮೊದಲ ದಿನದ ಪಂದ್ಯ ಮುಗಿದ ಮೇಲೆ ಡಾಡ್ಜರ್ ಸ್ಟೇಡಿಯಂ ಪಾರ್ಕಿಂಗ್‌ನಲ್ಲಿ ಜೈಂಟ್ಸ್ ಅಂಗಿ ಹಾಕಿದ್ದಕ್ಕೆ ಒಬ್ಬರನ್ನು ಹೊಡೆದರು. ಮೆದುಳಿಗೆ ಏಟು ಬಿತ್ತು, ಅವರ ಬದುಕೇ ಬದಲಾಯಿತು. ಹಾಗಾಗಿ ಯಾರಾದರೂ ಪಕ್ಕದ ಸೀಟಿನ ನೀಲಿ ಟೋಪಿಯವರ ಮಕ್ಕಳ ಮುಂದೆ ಕೆಟ್ಟ ಮಾತು ಶುರು ಮಾಡಿದರೆ ನಾನು ಸುಮ್ನೆ ಕೂರುವುದಿಲ್ಲ, ನಮ್ಮವರೇ ಆದರೂ. ಆಟಗಾರರೇ ಈ ದ್ವೇಷ ದಾಟಿದ್ದಾರೆ. 1965ರಲ್ಲಿ ನಮ್ಮ ಹುವಾನ್ ಮರಿಶಾಲ್ ಬ್ಯಾಟ್‌ನಿಂದ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬರೊ ತಲೆಗೆ ಹೊಡೆದ. ಮುಂದೆ ಇಬ್ಬರೂ ಸ್ನೇಹಿತರಾದರು. ಮರಿಶಾಲ್ ಹಾಲ್ ಆಫ್ ಫೇಮ್ ಸೇರಲಿ ಅಂತ ಪರವಾಗಿ ಮಾತಾಡಿದ್ದು ಏಟು ತಿಂದ ರೋಸ್‌ಬರೊ.

ದ್ವೇಷ ಮಾಡಲೇಬೇಕು ಅಂದರೆ ಓಕ್ಲೆಂಡ್ ಕಡೆ ನೋಡಿ. ಅಲ್ಲಿ ಮಾಲೀಕರು ತಂಡ ಕಟ್ಟುವುದನ್ನೇ ಬಿಟ್ಟರು. 2023ರ ಜೂನ್ 13ರಂದು 27,759 ಜನ ಬೇಕೆಂದೇ ಸ್ಟೇಡಿಯಂ ತುಂಬಿಸಿ "ಮಾರಿ ಹೋಗು" ಅಂತ ಕೂಗಿದರು. ಮಾರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೊನೆಯ ಪಂದ್ಯ ಆಯಿತು, ತಂಡ ಸ್ಯಾಕ್ರಮೆಂಟೊದಲ್ಲಿ ಬಾಡಿಗೆಗೆ ಕೂತು ಲಾಸ್ ವೇಗಾಸ್ ದಾರಿ ಕಾಯುತ್ತಿದೆ. ಗೆಲ್ಲಲು ಜಾಸ್ತಿ ಖರ್ಚು ಮಾಡುವ ಮಾಲೀಕನ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಕೋಪ ಇಲ್ಲ. ಕೋಪ ಬರುವುದು ಇಂಥವರ ಮೇಲೆ.

ಈಗ ಪೋಸಿ ಅವರೇ ನಮ್ಮ ತಂಡ ನಡೆಸುತ್ತಿದ್ದಾರೆ. ಆಡಾಮೆಸ್ ಅನ್ನುವ ಆಟಗಾರನಿಗೆ 7 ವರ್ಷ, 18.2 ಕೋಟಿ ಕೊಟ್ಟರು. 2025ರ ಜೂನ್‌ನಲ್ಲಿ ಬಾಸ್ಟನ್‌ನಿಂದ ಬ್ಯಾಟರ್ ಡೆವರ್ಸ್‌ನನ್ನು ತಂದರು. ಧೈರ್ಯ ಮೆಚ್ಚಬೇಕು. ಆದರೆ ಆ ವ್ಯಾಪಾರದಲ್ಲಿ ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಡ್ರಾಫ್ಟ್ ಮಾಡಿದ್ದ ಜೇಮ್ಸ್ ಟಿಬ್ಸ್ ಹೋದ. ಬಾಸ್ಟನ್ ಅವನನ್ನು ಎರಡು ತಿಂಗಳೂ ಇಟ್ಟುಕೊಳ್ಳಲಿಲ್ಲ, ಪಿಚರ್ ಡಸ್ಟಿನ್ ಮೇಗೆ ಬದಲಾಗಿ ಡಾಡ್ಜರ್ಸ್‌ಗೆ ಕೊಟ್ಟಿತು. ನಾವು ಆರಿಸಿದ ಹುಡುಗ ಅವರ ಫಾರ್ಮ್ (ಹುಡುಗರನ್ನು ಬೆಳೆಸುವ ಕೆಳಹಂತದ ತಂಡಗಳು) ಸೇರಿದ. ಇನ್ನು ಉಳಿದಿರುವುದು ಬ್ರೈಸ್ ಎಲ್ಡ್ರಿಜ್, ಆರಡಿ ಏಳಿಂಚಿನ ಫಸ್ಟ್ ಬೇಸ್‌ಮನ್. ಡೆವರ್ಸ್ ಇರುವಾಗ ಇವನಿಗೆ ಜಾಗ ಎಲ್ಲಿ, ಕೊಟ್ಟು ಒಬ್ಬ ಪಿಚರ್ ತರೋಣ ಅಂತ ಈಗಲೇ ಕೆಲವರು ಶುರು ಹಚ್ಚಿಕೊಂಡಿದ್ದಾರೆ. ದಯವಿಟ್ಟು ಬೇಡ. ಅವನು ನೂರು ಸಲ ಸ್ಟ್ರೈಕ್‌ಔಟ್ ಆದರೂ ಪರವಾಗಿಲ್ಲ, ಒಂದು ವರ್ಷ ಪೂರ್ತಿ ಆಡಿಸಿ. 81 ಗೆಲ್ಲುವುದು ಹೇಗೂ ನಮಗೆ ರೂಢಿಯಾಗಿದೆ.